ಏಳನೇ ತರಗತಿ ಮುಗಿಸಿದ ಮಗಳನ್ನು ಊರಿನ ಸರ್ಕಾರಿ ಪ್ರೌಢಶಾಲೆಗೆ ಸೇರಿಸಬೇಕೇ, ಪಟ್ಟಣದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಕಳುಹಿಸಬೇಕೇ?

2003ರ ಬೇಸಿಗೆಯಲ್ಲಿ ನಮ್ಮ ತಂದೆ ಇದೇ ಪ್ರಶ್ನೆಯನ್ನು ಊರಿನ ನಾಲ್ಕು ಜನರಲ್ಲಿ ಕೇಳಿದ್ದರು. ಎಂಟನೇ ತರಗತಿಯಲ್ಲೇ ಮಾಧ್ಯಮ ಬದಲಿಸದಿದ್ದರೆ ಪಿಯುಸಿ ವಿಜ್ಞಾನದಲ್ಲಿ ಹುಡುಗ ಮುಗ್ಗರಿಸುತ್ತಾನೆ ಎಂದು ನಾಲ್ವರೂ ಹೇಳಿದರು. ನಿಮಗಿರುವ ಭಯವೂ ಅದೇ. ಒಂದರಿಂದ ಏಳರವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದ್ದ ನನ್ನನ್ನು ತಾಲ್ಲೂಕು ಕೇಂದ್ರದ ಖಾಸಗಿ ಶಾಲೆಗೆ ಸೇರಿಸಲಾಯಿತು.

ಅಲ್ಲಿ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿರುವುದು ಒಂದು ಕಿರುಪರೀಕ್ಷೆಯ ಉತ್ತರಪತ್ರಿಕೆ. ಸಮತಲ ದರ್ಪಣದ ಚಿತ್ರವನ್ನು ಅಳತೆಪಟ್ಟಿ ಇಟ್ಟು ಅಂದವಾಗಿ ಬರೆದು, ಪತನ ಕಿರಣ, ಪ್ರತಿಫಲಿತ ಕಿರಣ, ಲಂಬ ಎಂದು ಹೆಸರುಗಳನ್ನು ಕನ್ನಡದಲ್ಲೇ ಗುರುತಿಸಿದ್ದೆ. ಕೋನಗಳೆರಡೂ ಸಮನಾಗಿದ್ದವು. ಮೂರು ಹೆಸರುಗಳ ಮೇಲೂ ಕೆಂಪು ಗೆರೆ ಬಿದ್ದು ಪತ್ರಿಕೆ ಹಿಂದಿರುಗಿತು. ಗೊತ್ತಿರುವುದನ್ನು ಹೇಳಲಾಗದ ಆ ಸಂಕಟದಲ್ಲಿ ನಾನು ತರಗತಿಯಲ್ಲಿ ಕೈಯೆತ್ತುವುದನ್ನೇ ಬಿಟ್ಟೆ. ವರ್ಷ ಮುಗಿಯುತ್ತಿದ್ದಂತೆ ತಂದೆ ವರ್ಗಾವಣೆ ಪತ್ರ ತಂದು, ಒಂಬತ್ತನೇ ತರಗತಿಗೆ ನಮ್ಮೂರಿನ ಸರ್ಕಾರಿ ಪ್ರೌಢಶಾಲೆಯ ಕನ್ನಡ ಮಾಧ್ಯಮಕ್ಕೆ ಸೇರಿಸಿದರು. ಹೋದದ್ದು ಒಂದು ವರ್ಷ ಮಾತ್ರ ಎಂದು ಮನೆಯವರೆಲ್ಲ ಸಮಾಧಾನಪಟ್ಟುಕೊಂಡೆವು.

ಆ ಒಂದು ವರ್ಷದ ಬೆಲೆ ತಿಳಿದದ್ದು 2008ರಲ್ಲಿ, ಸಿಇಟಿ ಬರೆದ ಮೇಲೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಮಕ್ಕಳನ್ನು ಎಂಟನೇ ತರಗತಿಗೆ ಸೇರಿಸುವ ದಿನ ಇದನ್ನು ಯಾರೂ ಹೇಳುವುದಿಲ್ಲ. ಸಿಇಟಿ ಮೂಲಕ ಹಂಚಿಕೆಯಾಗುವ ವೃತ್ತಿಪರ ಕೋರ್ಸುಗಳ ಸರ್ಕಾರಿ ಸೀಟುಗಳಲ್ಲಿ ಕನ್ನಡ ಮಾಧ್ಯಮದವರಿಗೆ ಶೇ. 5, ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15 ಮೀಸಲಾತಿ ಇದೆ. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲೂ ಕನ್ನಡ ಮಾಧ್ಯಮಕ್ಕೆ ಶೇ. 5, ಗ್ರಾಮೀಣಕ್ಕೆ ಶೇ. 25 ಇದೆ. ಆದರೆ ಇವೆಲ್ಲಕ್ಕೂ ಒಂದನೇ ತರಗತಿಯಿಂದ ಹತ್ತನೇ ತರಗತಿಯವರೆಗೆ, ಹತ್ತೂ ವರ್ಷ, ಹಾಗೆಯೇ ಓದಿರಬೇಕು. ಒಂಬತ್ತು ವರ್ಷ ಓದಿದವರಿಗೆ ಹತ್ತರಲ್ಲಿ ಒಂಬತ್ತು ಪಾಲು ಸಿಗುವುದಿಲ್ಲ, ಏನೂ ಸಿಗುವುದಿಲ್ಲ. ಹಳ್ಳಿಯ ಮನೆಯಿಂದ ದಿನವೂ ಬಸ್ಸಿನಲ್ಲಿ ಪಟ್ಟಣಕ್ಕೆ ಹೋಗಿ ಬಂದರೂ ಅದು ಗ್ರಾಮೀಣ ವ್ಯಾಸಂಗವಾಗುವುದಿಲ್ಲ. ಲೆಕ್ಕಕ್ಕೆ ಬರುವುದು ಶಾಲೆ ಇರುವ ಜಾಗ. ನಗರಸಭೆ, ಪುರಸಭೆಗಳಷ್ಟೇ ಅಲ್ಲ, ಪಟ್ಟಣ ಪಂಚಾಯಿತಿಯ ವ್ಯಾಪ್ತಿಯೂ ಗ್ರಾಮೀಣದಿಂದ ಹೊರಗೆ.

ನಮ್ಮ ಮುಖ್ಯೋಪಾಧ್ಯಾಯರು ದಾಖಲಾತಿ ವಹಿ ತೆರೆದು ಪ್ರಮಾಣಪತ್ರ ತುಂಬಲು ಕುಳಿತವರು ಎಂಟನೇ ತರಗತಿಗೆ ಬಂದಾಗ ಪೆನ್ನು ಕೆಳಗಿಟ್ಟರು. "ಒಂದೇ ವರ್ಷ ಅಲ್ವಾ ಸಾರ್" ಎಂದರು ತಂದೆ. "ಇದಕ್ಕೆ ಬಿಇಒ ಸಾಹೇಬರ ಮೇಲುಸಹಿ ಆಗಬೇಕು ಗೌಡರೇ, ಸುಳ್ಳು ಬರೆಯೋಕಾಗಲ್ಲ" ಎಂದರು ಅವರು. ಅವರು ಮಾಡಿದ್ದು ಸರಿ. ಆ ವರ್ಷ ನಾನು ಬಯಸಿದ್ದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಸೀಟು ನನ್ನ ಪ್ರವರ್ಗದ ಕನ್ನಡ ಮಾಧ್ಯಮ ಪಟ್ಟಿಯಲ್ಲಿ ನನಗಿಂತ ಬಹಳ ಹಿಂದಿನ ರ‍್ಯಾಂಕಿನವರೆಗೂ ಹೋಯಿತು. ನಾನಿದ್ದ ಪಟ್ಟಿಯಲ್ಲಿ ನನ್ನ ಸರದಿ ಬರುವ ಮೊದಲೇ ಮುಗಿದಿತ್ತು. ಬಿಎಸ್ಸಿ ಸೇರಿ, ಬಿಇಡಿ ಮಾಡಿ, ಯಾವ ಮೀಸಲಾತಿಯ ನೆರವೂ ಇಲ್ಲದೆ ಎರಡನೆಯ ಪ್ರಯತ್ನದಲ್ಲಿ ಪ್ರೌಢಶಾಲಾ ಸಹಶಿಕ್ಷಕನಾದೆ. ಪ್ರತಿ ಅರ್ಜಿಯಲ್ಲೂ ಕನ್ನಡ ಮಾಧ್ಯಮದ ಮುಂದೆ "ಇಲ್ಲ" ಎಂದು ಗುರುತು ಹಾಕುವಾಗ, ಕನ್ನಡದಲ್ಲೇ ಎಸ್ಸೆಸ್ಸೆಲ್ಸಿ ಬರೆದ ನನಗೆ ಮನಸ್ಸು ನೋಯುತ್ತಿತ್ತು.

ಇನ್ನು ನಿಮ್ಮ ಪ್ರಶ್ನೆಯ ಬುಡಕ್ಕೆ ಬರುತ್ತೇನೆ. ಮಾಧ್ಯಮ ಬದಲಿಸದಿದ್ದರೆ ಪಿಯುಸಿಯಲ್ಲಿ ಸೋಲು ಖಚಿತ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪ್ರಥಮ ಪಿಯುಸಿಯ ಮೊದಲ ಎರಡು ಮೂರು ತಿಂಗಳು ಕಷ್ಟವಾಗುವುದು ನಿಜ. ಆದರೆ ಹದಿಮೂರನೆಯ ವಯಸ್ಸಿನಲ್ಲಿ ಪರಿಕಲ್ಪನೆಯನ್ನೂ ಭಾಷೆಯನ್ನೂ ಒಟ್ಟಿಗೆ ಹೊರುವುದಕ್ಕಿಂತ, ಪರಿಕಲ್ಪನೆ ಗಟ್ಟಿಯಾದ ಮೇಲೆ ಪದಗಳನ್ನು ಕಲಿಯುವುದು ಎಷ್ಟೋ ಹಗುರ. ನನ್ನ ವಿದ್ಯಾರ್ಥಿಗಳಿಂದ ನಾನು ಒಂಬತ್ತನೇ ತರಗತಿಯಿಂದಲೇ ಒಂದು ಉದ್ದನೆಯ ನೋಟ್‌ಬುಕ್ ಇಡಿಸುತ್ತೇನೆ: ಎಡಕ್ಕೆ ವಕ್ರೀಭವನ, ಬಲಕ್ಕೆ ರಿಫ್ರ್ಯಾಕ್ಷನ್. ದಿನಕ್ಕೆ ಐದು ಪದ ಸಾಕು. ದ್ವಿತೀಯ ಭಾಷೆಯಾದ ಇಂಗ್ಲಿಷನ್ನು ಪರೀಕ್ಷೆಯ ಉತ್ತರಗಳಿಗಾಗಿ ಉರು ಹೊಡೆಯದೆ ಓದಲು ಹಚ್ಚಿ.

ಊರಿನ ಪ್ರೌಢಶಾಲೆಯಲ್ಲಿ ಕೇಳಬೇಕಾದ ಮುಖ್ಯ ವಿಷಯವೊಂದಿದೆ. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆಗೆ ಮಕ್ಕಳನ್ನು ಸಿದ್ಧಪಡಿಸುತ್ತಾರೆಯೇ ಎಂದು ವಿಚಾರಿಸಿ. 2008ರಲ್ಲಿ ಆರಂಭವಾದ ಈ ಕೇಂದ್ರ ವಿದ್ಯಾರ್ಥಿವೇತನ ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ. ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಖಾಸಗಿ ಅನುದಾನರಹಿತ ಶಾಲೆಗೆ ಸೇರಿಸಿದ ದಿನವೇ ಅದೂ ಕೈತಪ್ಪುತ್ತದೆ. ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ತೃತೀಯ ಭಾಷೆಯ ಬದಲು ಮಾಹಿತಿ ತಂತ್ರಜ್ಞಾನ, ಆಟೊಮೊಬೈಲ್‌ನಂತಹ ವೃತ್ತಿ ವಿಷಯವನ್ನೂ ಆಯ್ದುಕೊಳ್ಳಬಹುದು. ನಿಮ್ಮಲ್ಲಿ ಇದೆಯೇ ಕೇಳಿ ನೋಡಿ.

ಮಗಳನ್ನು ಊರಿನ ಪ್ರೌಢಶಾಲೆಗೇ ಸೇರಿಸಿ. ಅಲ್ಲಿ ಎಂಟರಿಂದ ಇಂಗ್ಲಿಷ್ ಮಾಧ್ಯಮ ವಿಭಾಗವಿದ್ದರೂ, ದಾಖಲಾತಿ ಅರ್ಜಿಯ ಮಾಧ್ಯಮದ ಕಾಲಂನಲ್ಲಿ ಕನ್ನಡ ಎಂದು ನೀವೇ ನಿಂತು ಬರೆಸಿ. ವರ್ಗಾವಣೆ ಪತ್ರ ತರಲು ಹೋದಾಗಲೇ ಒಂದರಿಂದ ಏಳರವರೆಗಿನ ವ್ಯಾಸಂಗ ಪ್ರಮಾಣಪತ್ರವನ್ನೂ ಪ್ರಾಥಮಿಕ ಶಾಲೆಯಿಂದ ಪಡೆದಿಟ್ಟುಕೊಳ್ಳಿ. ಮಕ್ಕಳ ಸಂಖ್ಯೆ ಕುಸಿದು ಶಾಲೆ ವಿಲೀನವಾದರೆ ಹಳೆಯ ದಾಖಲಾತಿ ವಹಿ ಬೇರೆ ಊರಿಗೆ ಹೋಗುತ್ತದೆ, ಆಮೇಲೆ ಅದನ್ನು ಹುಡುಕಿಕೊಂಡು ಅಲೆಯಬೇಕಾಗುತ್ತದೆ.