ಬೂಸ್ಟರ್ ಸೀಟಿನಲ್ಲಿ ಬೆಲ್ಟ್ ಕುತ್ತಿಗೆಗೆ ಉಜ್ಜುವುದಕ್ಕೆ ಪರಿಹಾರ
112 ಸೆಂ.ಮೀ. ಎತ್ತರದ ನಿಮ್ಮ ಮಗಳ ಕುತ್ತಿಗೆಗೆ ಕಾರಿನ ಸೀಟ್ ಬೆಲ್ಟ್ ಉಜ್ಜುತ್ತದೆ ಎಂದು ಕೇಳಿದ್ದೀರಿ. ಕಾರಣ ಬಹುಶಃ ನಿಮ್ಮ ಬೆನ್ನಾಸರೆಯಿಲ್ಲದ ಬೂಸ್ಟರ್ (ಬೆಲ್ಟ್ ಸರಿಯಾಗಿ ಕೂರುವಂತೆ ಮಗುವನ್ನು ಎತ್ತರಿಸುವ ಸೀಟು). ಮಕ್ಕಳ ಕಾರ್ ಸೀಟುಗಳ ಸುರಕ್ಷತೆಗಾಗಿ ಯುರೋಪಿನಲ್ಲಿರುವ ಆರ್129 ನಿಯಮದಲ್ಲಿ ಅಂಥದ್ದು 125 ಸೆಂ.ಮೀ. ದಾಟಿದವರಿಗೆ ಮಾತ್ರ. ಬೆನ್ನಾಸರೆ ಇರುವುದನ್ನು ತನ್ನಿ.

ಹಿಂದಿನ ಸೀಟಿನಲ್ಲಿ, ಭುಜದ ಪಟ್ಟಿಯೂ ಇರುವ ಜಾಗದಲ್ಲೇ ಇಡಿ. ಕಾರಿನ ಹೆಡ್‌ರೆಸ್ಟ್ ಬೂಸ್ಟರನ್ನು ಮುಂದಕ್ಕೆ ತಳ್ಳಿದರೆ ಹೆಡ್‌ರೆಸ್ಟನ್ನು ಮೇಲೆತ್ತಿ, ಇಲ್ಲವೇ ಬಿಚ್ಚಿಡಿ. ಆಮೇಲೆ ಬೂಸ್ಟರಿನ ತಲೆಭಾಗ ಏರಿಸಿ, ಭುಜದ ಪಟ್ಟಿಯನ್ನು ಅದರ ಕೊಕ್ಕೆಯೊಳಗೆ ತೂರಿಸಿ. ಕೊಕ್ಕೆ ಭುಜಕ್ಕಿಂತ ತುಸು ಮೇಲಿದ್ದರೆ ಪಟ್ಟಿ ಭುಜದ ನಡುವೆ ಬರುತ್ತದೆ. ಸೊಂಟದ ಪಟ್ಟಿ ಎರಡೂ ಕೈಯಾಸರೆಗಳ ಕೆಳಗೆ ಹಾದು ತೊಡೆಯ ಮೇಲ್ತುದಿಯಲ್ಲಿ ಕೂರಲಿ. ಹೊಟ್ಟೆಗೆ ಏರಿದರೆ ಡಿಕ್ಕಿಯ ಪೆಟ್ಟು ಕರುಳಿಗೇ ಬೀಳುತ್ತದೆ. ಬಕಲ್ ಕಡೆ ಭುಜದ ಪಟ್ಟಿ ಎಲ್ಲಿ ಹಾಯಬೇಕೆಂಬುದು ಬೂಸ್ಟರಿನ ಮಾದರಿಯನ್ನು ಅವಲಂಬಿಸಿದೆ, ಅದರ ಮೇಲಿನ ಚಿತ್ರ ನೋಡಿ. ಕೊನೆಗೆ ಸಡಿಲವನ್ನೆಲ್ಲ ಎಳೆದು ಬಿಗಿ ಮಾಡಿ.

ಹೊಸದು ಬರುವವರೆಗೂ ಪಟ್ಟಿಯನ್ನು ಕಂಕುಳಡಿಗೋ ಬೆನ್ನ ಹಿಂದಕ್ಕೋ ಹಾಕಬೇಡಿ, ದಯವಿಟ್ಟು.