ಟೆಂಟ್ ಸಿನಿಮಾದಲ್ಲಿ ಏನಿತ್ತು?

ಹಾಸನದ ಓದುಗರೊಬ್ಬರು ಬರೆದಿದ್ದಾರೆ: "ಟೆಂಟ್ ಸಿನಿಮಾವನ್ನು ಹಳಬರು ಯಾಕಿಷ್ಟು ಹೊಗಳುತ್ತೀರಿ? ನೆಲದ ಮೇಲೆ ಕೂರಬೇಕು, ಬೀಡಿ ಹೊಗೆ ಕುಡಿಯಬೇಕು, ಹತ್ತು ಸಲ ರೀಲು ಬದಲಿಸುವ ಕಾಟ ಬೇರೆ. ಈಗ ಮೊಬೈಲಿನಲ್ಲೇ ಸಿನಿಮಾ ಸಿಗುತ್ತದಲ್ಲ?"

ಕಷ್ಟ ಇದ್ದದ್ದು ನಿಜ. ಆ ಹೊಗೆಗೆ ನನ್ನ ಕಣ್ಣೂ ಉರಿದಿದೆ. ಆದರೆ ಟೆಂಟು ಊರಿಗೆ ಏನು ಕೊಟ್ಟಿತು ಅಂತ ನೀವು ಕೇಳಲೇ ಇಲ್ಲ.

ದಕ್ಷಿಣ ಭಾರತದಲ್ಲಿ ಸಿನಿಮಾವನ್ನು ಊರೂರಿಗೆ ಹೊತ್ತು ತಂದ ಮೊದಲಿಗರಲ್ಲಿ ಸ್ವಾಮಿಕಣ್ಣು ವಿನ್ಸೆಂಟ್ ಒಬ್ಬರು. ತಿರುಚ್ಚಿಯಲ್ಲಿ ರೈಲ್ವೆ ಗುಮಾಸ್ತರು. 1905ರಲ್ಲಿ ಒಬ್ಬ ಫ್ರೆಂಚ್ ಪ್ರದರ್ಶಕನಿಂದ ಯಂತ್ರ, ರೀಲು ಕೊಂಡು ತಿರುಗಾಟಕ್ಕೆ ಹೊರಟರು. ಜನ ಇದ್ದಲ್ಲಿಗೇ ಸಿನಿಮಾ ಹೋಯಿತು, ನೋಡಿ.

ನಮ್ಮಲ್ಲಿ ಆ ದಾರಿಯನ್ನು ನಾಟಕ ಕಂಪನಿಗಳು ಮೊದಲೇ ತುಳಿದಿದ್ದವು. ಊರಾಚೆ ಕ್ಯಾಂಪು ಹಾಕುವುದು, ಬೀದಿ ಬೀದಿಯಲ್ಲಿ ಸಾರುವುದು ಎಲ್ಲ ಅವರದೇ ರೂಢಿ. 1954ರ 'ಬೇಡರ ಕಣ್ಣಪ್ಪ' ತೆಗೆದ ಸಂಸ್ಥೆಯ ಹೆಸರೇ ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್. ಗುಬ್ಬಿ ಅಂದರೆ ಗುಬ್ಬಿ ವೀರಣ್ಣನವರ ನಾಟಕ ಕಂಪನಿ. ಆ ಸಿನಿಮಾದಲ್ಲಿ ಮೊದಲ ಸಲ ಹೀರೋ ಆದ ರಾಜಕುಮಾರ್ ಕೂಡ ಗುಬ್ಬಿ ಕಂಪನಿಯಲ್ಲಿ ಬಣ್ಣ ಹಚ್ಚಿದವರು. ಹಳ್ಳಿಯವರಿಗೆ ಸಿನಿಮಾ ಹೊರಗಿನದು ಅನ್ನಿಸುವುದಾದರೂ ಹೇಗೆ?

ನಮ್ಮೂರ ಟೆಂಟಿನ ಮೈಕಿನಲ್ಲಿ ದೇವರ ಹಾಡು ಕೇಳಿಸಿದರೆ ಸಾಕು, ಅರ್ಧ ಊಟಕ್ಕೇ ಎದ್ದು ಓಡುತ್ತಿದ್ದೆವು. ಮುಂದೆ ಕೂತವರ ತಲೆ ಅಡ್ಡ ಬಂದರೆ ಮರಳು ಗುಡ್ಡೆ ಮಾಡಿ ಅದರ ಮೇಲೆ ಕೂರುವುದು. ಹಿಂದಿನವರು ಬೈದು ಸಮ ಮಾಡಿಸುವುದು. ಪ್ರೊಜೆಕ್ಟರ್ ಇದ್ದದ್ದು ಒಂದೇ. ರೀಲು ಮುಗಿದಾಗಲೆಲ್ಲ ದೀಪ ಹತ್ತುತ್ತಿತ್ತು. ನಿಮಗದು ಕಾಟ. ನಮ್ಮಜ್ಜಿಗೆ ಅದೇ ಹಬ್ಬ. ಪಕ್ಕದ ಕೇರಿಯ ಹೆಂಗಸರಿಗೆ ಕಡಲೆಕಾಯಿ ಕೊಟ್ಟು, ಕತೆಯಲ್ಲಿ ಸೊಸೆ ಮಾಡಿದ್ದು ಸರಿಯೋ ತಪ್ಪೋ ಅಂತ ವಾದಕ್ಕೆ ಇಳಿಯುತ್ತಿದ್ದಳು. ಬೇರೆ ದಿನ ಆ ಕೇರಿಯವರ ಜತೆ ಅವಳು ಮಾತಾಡಿದ್ದನ್ನು ನಾನು ನೋಡಿಲ್ಲ. ಇದನ್ನು ಮೊಬೈಲು ಎಲ್ಲಿಂದ ತಂದು ಕೊಡುತ್ತದೆ, ಹೇಳಿ?

ಟೆಂಟು ಹೋಗಿ ಥಿಯೇಟರ್ ಬಂತು. ಈಗ ಅದೂ ಹೋಗಿ ಮದುವೆ ಛತ್ರ ಎದ್ದಿದೆ. ಕರೆಯೋಲೆ ಸಿಕ್ಕವರಿಗಷ್ಟೇ ಒಳಗೆ ದಾರಿ. ಜಾತ್ರೆ ಮೈದಾನ ಸೈಟುಗಳಾಯಿತು. ಹೆಸರು, ಕುಲ ಕೇಳದೆ ಯಾರನ್ನಾದರೂ ಕೂರಿಸುವ ಜಾಗ ಒಂದಾದರೂ ಬೇಡವೇ? ಇದಕ್ಕೆ ಯಾರೂ ಅರ್ಜಿ ಕೊಡಲ್ಲ, ಯಾರೂ ಜಗಳ ಆಡಲ್ಲ. ನನಗೆ ಜಾಸ್ತಿ ನೋವು ಅದೇ.

ನೀವು ಮೊಬೈಲಿನಲ್ಲಿ ನೋಡಿ, ಬೇಡ ಅನ್ನಲ್ಲ. ನಿಮ್ಮೂರಲ್ಲಿ ಟೆಂಟ್ ಎಲ್ಲಿ ಹಾಕುತ್ತಿದ್ದರು ಅಂತ ಮಾತ್ರ ಮನೆಯ ಹಿರಿಯರನ್ನು ಕೇಳಿ. ಒಂದು ಸಂಜೆ ಅವರನ್ನೂ ಕರೆದುಕೊಂಡು ಅಲ್ಲಿಗೆ ಹೋಗಿ ಬನ್ನಿ. ಈಗ ಅಲ್ಲಿ ಏನಿದೆ ಅಂತ ನಮಗೆ ಬರೆಯಿರಿ.

— ಸಂ.