ರೋಬೊಟ್ ಮೊದಲೋ, ಸೆನ್ಸರ್ ಮೊದಲೋ?

ಪ್ರಶ್ನೆ: ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಟ್ಯಾಂಕ್, ಪೈಪು, ಸೇತುವೆಗಳನ್ನು ತಪಾಸಣೆ ಮಾಡುವ ರೋಬೊಟ್‌ಗಳ ಸಂಶೋಧನೆಗೆ ಹೋಗಬೇಕು ಅಂತ ಆಸೆ. ಗೋಡೆ ಹತ್ತುವ ಚಿಕ್ಕ ರೋಬೊಟ್ ಒಂದನ್ನು ಕಟ್ಟಿದ್ದೇನೆ. ಮುಂದೆ ಏನು ಕಲಿಯಲಿ? ಪಿಎಚ್‌ಡಿ ಬೇಕೇ ಬೇಕಾ?

ಉತ್ತರ: ಗೋಡೆ ಹತ್ತಿಸಿದ್ದೀರಿ, ತುಂಬಾ ಖುಷಿಯಾಯಿತು. ಹತ್ತಿದ ಮೇಲೆ ಅದು ಅಲ್ಲಿ ಏನನ್ನು ಅಳೆಯುತ್ತದೆ? ಈ ಕಡೆ ಬರುವ ಜಾಸ್ತಿ ಹುಡುಗರು ಚಕ್ರ, ಮೋಟರ್, ಕ್ಯಾಮೆರಾದಲ್ಲೇ ನಿಂತುಬಿಡುತ್ತಾರೆ. ನನ್ನ ಮಾತು ಕೇಳುವುದಾದರೆ, ಒಂದೇ ಒಂದು ಸೆನ್ಸರ್ ಹಿಡಿದು ಅದು ಹೇಗೆ ಕೆಲಸ ಮಾಡುತ್ತದೆ, ಯಾವಾಗ ಮೋಸ ಮಾಡುತ್ತದೆ ಅಂತ ಬುಡದಿಂದ ಕಲಿಯಿರಿ.

ಅಲ್ಟ್ರಾಸೌಂಡನ್ನೇ ನೋಡಿ. ಉಕ್ಕಿನಲ್ಲಿ ಈ ಅಲೆ ಸೆಕೆಂಡಿಗೆ ಸುಮಾರು 5,900 ಮೀಟರ್ ಓಡುತ್ತದೆ. 10 ಮಿ.ಮೀ. ದಪ್ಪದ ಪ್ಲೇಟಿನ ಹಿಂಬದಿಗೆ ಬಡಿದು ವಾಪಸ್ ಬರಲು ಸುಮಾರು 3.4 ಮೈಕ್ರೋಸೆಕೆಂಡು ಸಾಕು. ತುಕ್ಕು 1 ಮಿ.ಮೀ. ತಿಂದಿದ್ದರೆ ಆ ಸಮಯ ಬರೀ 0.34 ಮೈಕ್ರೋಸೆಕೆಂಡು ಕಡಿಮೆಯಾಗುತ್ತದೆ. ಇಷ್ಟು ಸಣ್ಣ ವ್ಯತ್ಯಾಸ ಹಿಡಿಯಬೇಕಾದರೆ ಪ್ರೋಬ್, ಅಂದರೆ ಅಲೆ ಕಳಿಸಿ ವಾಪಸ್ ಬಂದದ್ದನ್ನು ಹಿಡಿಯುವ ಸೆನ್ಸರ್, ನೆಟ್ಟಗೆ ಕೂರಬೇಕು, ನಡುವೆ ಗಾಳಿಯ ತೆಳು ಪದರವೂ ಇರಬಾರದು, ಅದಕ್ಕೇ ನೀರೋ ಜೆಲ್ಲೋ ಹಾಕುವುದು. ಈಗ ಅದೇ ಪ್ರೋಬನ್ನು ತುಕ್ಕು ಹಿಡಿದ, ಉಬ್ಬುತಗ್ಗಿನ ಗೋಡೆ ಮೇಲೆ ನಿಮ್ಮ ರೋಬೊಟ್ ಎಳೆದುಕೊಂಡು ಹೋಗುತ್ತಿದೆ ಅಂದುಕೊಳ್ಳಿ. ಜೆಲ್ ಹಾಕುವವರು ಯಾರು? ಎಷ್ಟು ಒತ್ತಬೇಕು? ಟ್ಯಾಂಕಿನೊಳಗೆ ಜಿಪಿಎಸ್ ಇಲ್ಲ, ಚಕ್ರ ಬೇರೆ ಜಾರಿದೆ, ಆ ತೆಳು ಜಾಗ ಎಲ್ಲಿತ್ತು ಅಂತ ಮುಂದಿನ ವರ್ಷ ಮತ್ತೆ ಹುಡುಕುವುದು ಹೇಗೆ? ಅಯಸ್ಕಾಂತ, ತಂತಿ ಸುರುಳಿಯಿಂದ ಉಕ್ಕಿನೊಳಗೇ ಅಲೆ ಎಬ್ಬಿಸುವ, ಜೆಲ್ ಬೇಡದ ಇಮ್ಯಾಟ್ (EMAT) ಸೆನ್ಸರ್ ಇದೆ ನಿಜ, ಆದರೆ ಅದರ ಸಿಗ್ನಲ್ ಕ್ಷೀಣ, ಒಳಗಿರುವ ಅಯಸ್ಕಾಂತ ಉಕ್ಕಿಗೆ ಕಚ್ಚಿಕೊಂಡು ರೋಬೊಟ್‌ನ ನಡಿಗೆಯನ್ನೇ ಕೆಡಿಸುತ್ತದೆ. ಸಂಶೋಧನೆಗೆ ಕೆಲಸ ಬಾಕಿ ಇರುವುದು ಇಂಥ ಕಡೆ.

ರೋಬೊಟ್ ಓಡಿಸಲು, ಜೋಡಿಸಲು ಪಿಎಚ್‌ಡಿ ಬೇಡ. ಹೊಸ ಸೆನ್ಸರ್, ಹೊಸ ವಿಧಾನ ರೂಪಿಸುವ ಆಸೆ ಇದ್ದರೆ ಮಾಡಿ. ಅದಕ್ಕೂ ಮೊದಲು, ಕೈಯಲ್ಲಿ ಪ್ರೋಬ್ ಹಿಡಿದು ತಪಾಸಣೆ ಮಾಡುವವರ ಜೊತೆ ಕೆಲವು ತಿಂಗಳು ಇರಿ. ಬೆಸುಗೆ ಹತ್ತಿರ ಅನುಮಾನ ಬಂದರೆ ಅವರು ಪ್ರೋಬನ್ನು ಸ್ವಲ್ಪ ತಿರುಗಿಸಿ, ಹಿಂದೆ ಮುಂದೆ ಆಡಿಸಿ ನೋಡುತ್ತಾರೆ. ಯಾಕೆ ಹಾಗೆ ಮಾಡಿದಿರಿ ಅಂತ ಕೇಳಿ, ಬರೆದಿಟ್ಟುಕೊಳ್ಳಿ. ಲ್ಯಾಬ್ ಆರಿಸುವಾಗಲೂ ಅಲ್ಲಿಯವರನ್ನು ಒಂದು ಮಾತು ಕೇಳಿ: ನಿಮ್ಮ ರೋಬೊಟ್ ನಿಜವಾದ ಟ್ಯಾಂಕಿನೊಳಗೆ ಇಳಿದದ್ದು ಯಾವಾಗ?

ಪ್ರಶ್ನೆ: ಡ್ರೋನ್ ಫೋಟೊಗಳಲ್ಲಿ ಎಐ ಬಿರುಕು ಹುಡುಕುತ್ತದಲ್ವಾ? ಮತ್ತೆ ಈ ಸೆನ್ಸರ್‌ಗಳೆಲ್ಲ ಯಾಕೆ?

ಉತ್ತರ: ಕ್ಯಾಮೆರಾಗೆ ಕಾಣುವುದು ಹೊರಮೈ ಮಾತ್ರ. ಅಮೆರಿಕದ ಒಹಾಯೊ ನದಿ ಮೇಲಿದ್ದ ಸಿಲ್ವರ್ ಬ್ರಿಡ್ಜ್ 1967ರ ಡಿಸೆಂಬರ್ 15ರಂದು ಕುಸಿದು 46 ಜನ ಸತ್ತರು. ಕಾರಣ, ಉಕ್ಕಿನ ಒಂದು ಪಟ್ಟಿಯಲ್ಲಿದ್ದ ಸುಮಾರು 2.5 ಮಿ.ಮೀ. ಆಳದ ಬಿರುಕು. ಅದು ಕೀಲಿನ ಒಳಗಿತ್ತು, ಕೀಲು ಬಿಚ್ಚದೆ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ಎಐ ಕಲಿಯಬೇಡಿ ಅನ್ನುತ್ತಿಲ್ಲ, ಖಂಡಿತ ಕಲಿಯಿರಿ. ಆದರೆ ನಿಮ್ಮ ಮಾಡೆಲ್ ಎಷ್ಟು ಶೇಕಡಾ ಸರಿ ಅಂತ ಸುಮ್ನೆ ಒಂದು ಅಂಕಿ ಕೊಟ್ಟರೆ ಸಾಲದು. ಎಷ್ಟು ದೊಡ್ಡ ಬಿರುಕನ್ನು 100ರಲ್ಲಿ 90 ಸಲ ಹಿಡಿಯುತ್ತದೆ, ಎಂಥವನ್ನು ಬಿಟ್ಟುಬಿಡುತ್ತದೆ, ಅದನ್ನು ಅಳೆದು ತೋರಿಸಿ. ತಪಾಸಣೆ ಮಾಡುವವರು ಮೊದಲು ಕೇಳುವುದೇ ಅದನ್ನು.